ಕೈಫೋನಿಗೆ ಬದಲಿ ತಂತ್ರಾಂಶ: ಕೊಪಣ ನಾಡಿನಿಂದ ಕಂಡ ಇತಿಹಾಸ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳವೆಂದು ನಾನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿರುವ ಊರಿದು. ಬರಹಕ್ಕೆ ಇಲ್ಲಿ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅಂತಹ ಊರಿನ ಹೆಸರನ್ನು 2010ರ ಹೊತ್ತಿನ ಆಂಡ್ರಾಯ್ಡ್ ಫೋನುಗಳು ಬಹುಮಟ್ಟಿಗೆ ಸಾಲಾದ ಖಾಲಿ ಚೌಕಗಳಾಗಿ ತೋರಿಸುತ್ತಿದ್ದವು ಎಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ.

ಫೋನಿನೊಡನೆ ಬಂದ ಕಾರ್ಯಾಚರಣ ವ್ಯವಸ್ಥೆಯನ್ನು ಕಿತ್ತು ಬೇರೊಂದನ್ನು ಕೂರಿಸುವ ಕೆಲಸವನ್ನು ನಮ್ಮ ಕಡೆ ‘ಸಾಫ್ಟ್‌ವೇರ್ ಹೊಡೆಯುವುದು’ ಎನ್ನುತ್ತಾರೆ. ಪುಸ್ತಕದ ಭಾಷೆಯಲ್ಲಿ ಅದಕ್ಕೆ ಒಪ್ಪುವ ಮಾತು ಇನ್ನೂ ಹುಟ್ಟಿಲ್ಲ. ನಾನು ‘ಬದಲಿ ತಂತ್ರಾಂಶ’ ಎಂದು ಕರೆಯುತ್ತೇನೆ. ಇದು ಹುಡುಗರ ಹುಚ್ಚಾಟವೆಂಬ ಅಭಿಪ್ರಾಯ ನನ್ನ ಸಮವಯಸ್ಕರಲ್ಲಿ ಬಲವಾಗಿದೆ. ಆದರೆ ಅದರ ಚರಿತ್ರೆಯನ್ನು ಹಿಂಬಾಲಿಸಿದರೆ ಒಡೆತನ, ಭಾಷೆ, ಕಾನೂನು ಎಂಬ ಮೂರು ಗಂಭೀರ ಸಂಗತಿಗಳು ಎದುರಾಗುತ್ತವೆ. ಆದ್ದರಿಂದ ಈ ಬರಹ.

ಕಥೆಯನ್ನು ಅಮೆರಿಕದಿಂದ ಆರಂಭಿಸುವುದು ರೂಢಿ. ನಾನು ಬೆಂಗಳೂರಿನಿಂದ ಆರಂಭಿಸುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಎಂಬ ಕಂಪನಿಯ ತಂತ್ರಜ್ಞರೊಡನೆ ಸೇರಿ ಅಂಗೈಯಗಲದ ಗಣಕವೊಂದನ್ನು ರೂಪಿಸಿದರು. ಅದರ ಹೆಸರು ಸಿಂಪ್ಯೂಟರ್. 206 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ, ಒಳಗೆ ಲಿನಕ್ಸ್. ಓದಲು ಬಾರದವರಿಗೆ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಲೆಂದು ರಮೇಶ್ ಹರಿಹರನ್ನರ ತಂಡ ‘ಧ್ವನಿ’ ಎಂಬ ತಂತ್ರಾಂಶವನ್ನು ಬರೆಯಿತು. ಅದು ಕನ್ನಡವನ್ನೂ ಉಚ್ಚರಿಸುತ್ತಿತ್ತು. 2001ರ ಗಣಕಲೋಕದ ಅತಿ ಮಹತ್ವದ ಹೊಸತೆಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬ್ರೂಸ್ ಸ್ಟರ್ಲಿಂಗ್ ಕೊಂಡಾಡಿದ್ದು ಇದನ್ನೇ. ಯಂತ್ರದ ವಿನ್ಯಾಸವನ್ನು ಸಹ ಸಾರ್ವಜನಿಕ ಪರವಾನಗಿಯೊಂದರ ಅಡಿಯಲ್ಲಿ ತೆರೆದಿಟ್ಟಿದ್ದು ಅದರ ದೊಡ್ಡ ಗುಣ. ಒಳಗಿನದನ್ನು ತೆಗೆದು ನಿನ್ನದನ್ನು ಕೂರಿಸಿಕೋ ಎಂದು ತಯಾರಕರೇ ಹೇಳಿದ ಹಾಗೆ.

2004ರ ಏಪ್ರಿಲ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪಿಕೋಪೆಟಾ ಕಂಪನಿಯ ಜೊತೆಗೂಡಿ ‘ಅಮಿಡಾ’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರ ಭೂಮಿ ಯೋಜನೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿತು. ಪಹಣಿಗಾಗಿ ಶ್ಯಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಮನೆಯ ಕಟ್ಟೆಯ ಮೇಲೆ ಕಾದು ಕುಳಿತ ರೈತರನ್ನು ಕಂಡವರಿಗೆ ಭೂಮಿ ಯೋಜನೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಸಿಂಪ್ಯೂಟರ್ ಬಾಳಲಿಲ್ಲ. ಕೆಲವು ಸಾವಿರ ಯಂತ್ರಗಳು ಮಾರಾಟವಾದವು, ಅಷ್ಟೆ. ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆಯಲ್ಲಿ, ಮಾತಾಡಲು ಬಾರದ ಯಂತ್ರವನ್ನು ಕೊಳ್ಳುವುದಕ್ಕಿಂತ ಎರಡು ಸಾವಿರದ ಮೊಬೈಲನ್ನು ಕೊಳ್ಳುವುದೇ ಜನಕ್ಕೆ ವಿವೇಕವೆನಿಸಿತು. ಜನರನ್ನು ದೂರುವಂತಿಲ್ಲ. ಆದರೂ ಕನ್ನಡ ಮಾತಾಡುವ, ತೆರೆದ ವಿನ್ಯಾಸದ ಕೈಗಣಕವೊಂದು ನಮ್ಮಲ್ಲೇ ಹುಟ್ಟಿ, ನಾಲ್ಕಾರು ವರ್ಷಗಳ ಬಳಿಕ ನಾವು ಕನ್ನಡ ಅರಿಯದ, ಬಾಗಿಲು ಮುಚ್ಚಿದ ಫೋನುಗಳಿಗೆ ದುಡ್ಡು ಸುರಿದೆವೆಂಬುದು ನನಗೆ ಈಗಲೂ ನುಂಗಲಾರದ ತುತ್ತು.

2008ರ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಎಚ್‌ಟಿಸಿ ಕಂಪನಿ ತಯಾರಿಸಿದ ಅದಕ್ಕೆ ಜಿ1 ಎಂದು ಹೆಸರು. ಆಂಡ್ರಾಯ್ಡ್‌ನ ಆಕರ ಸಂಕೇತವನ್ನು ಗೂಗಲ್ ಎಲ್ಲರಿಗೂ ತೆರೆದಿಟ್ಟಿತ್ತು. ಆದರೆ ಫೋನಿನೊಳಗಿನ ವ್ಯವಸ್ಥೆಯನ್ನು ಕೊಂಡವನು ಮುಟ್ಟದಂತೆ ಬೀಗ ಹಾಕಲಾಗಿತ್ತು. ಕೆಲವೇ ವಾರಗಳಲ್ಲಿ ವಿಚಿತ್ರವೊಂದು ಬಯಲಾಯಿತು. ಗುಂಡಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಆ ಫೋನು ಗುಟ್ಟಾಗಿ ಸರ್ವಾಧಿಕಾರದ ಆಜ್ಞೆಯೆಂದು ತಿಳಿದು ಪಾಲಿಸುತ್ತಿತ್ತು. ಸ್ನೇಹಿತರಿಗೆ ಬರೆಯುವ ಸಂದೇಶದಲ್ಲಿ ‘ರೀಬೂಟ್’ ಎಂದು ಟೈಪಿಸಿದರೆ ಫೋನು ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು! ತಯಾರಕರು ಮರೆತು ಬಿಟ್ಟ ಈ ಹಿತ್ತಲ ಬಾಗಿಲಿನಿಂದಲೇ ಬದಲಿ ತಂತ್ರಾಂಶದವರು ಒಳಹೊಕ್ಕರು. ಕಂಪನಿಯೇನೋ ಬೇಗ ಆ ಬಾಗಿಲನ್ನು ಮುಚ್ಚಿತು. ಒಳಗೆ ಹೋದವರು ಅಷ್ಟರಲ್ಲಿ ನೆಲೆ ಊರಿದ್ದರು.

ಅವರಲ್ಲಿ ಮುಂದೆ ಹೆಸರಾದವರು ಸ್ಟೀವ್ ಕಾಂಡಿಕ್. ಇವರು 2009ರಲ್ಲಿ ಹೊರತಂದ ತಂತ್ರಾಂಶದ ಹೆಸರು ಸಯನೋಜೆನ್‌ಮಾಡ್. (ರಸಾಯನಶಾಸ್ತ್ರದಲ್ಲಿ ಸಯನೋಜೆನ್ ಎಂಬುದು ಒಂದು ವಿಷಾನಿಲ, ಹೆಸರಿಡುವಾಗ ಇಂಥವರು ಯಾರನ್ನು ಕೇಳುತ್ತಾರೋ ಕಾಣೆ.) ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೂಗಲ್‌ನಿಂದ ಅವರಿಗೆ ನೋಟೀಸು ಬಂತು. ಆಂಡ್ರಾಯ್ಡ್‌ನ ಮೂಲ ಭಾಗ ತೆರೆದದ್ದಾದರೂ ಜಿಮೇಲ್, ನಕ್ಷೆ, ಯೂಟ್ಯೂಬ್, ಆಪ್‌ಗಳ ಅಂಗಡಿ ಇವು ಗೂಗಲ್‌ನ ಸ್ವಂತ ಸೊತ್ತು. ಅವನ್ನು ಹಂಚಬಾರದೆಂಬುದು ತಕರಾರು. ಕೊನೆಗೆ ಆ ಆಪ್‌ಗಳನ್ನು ತಂತ್ರಾಂಶದಿಂದ ಕಳಚಿ, ಬಳಕೆದಾರನು ತನ್ನ ಫೋನಿನಲ್ಲಿ ಮೊದಲೇ ಇದ್ದ ಪ್ರತಿಯನ್ನು ಉಳಿಸಿಕೊಂಡು ಮರಳಿ ಹಾಕಿಕೊಳ್ಳುವ ದಾರಿಯನ್ನು ಕಂಡುಕೊಂಡರು. ಇಂದಿಗೂ ಇಂಥ ಬಹಳಷ್ಟು ತಂತ್ರಾಂಶಗಳಲ್ಲಿ ಗೂಗಲ್ ಆಪ್‌ಗಳನ್ನು ಪ್ರತ್ಯೇಕವಾಗಿ ಕೂರಿಸಬೇಕಾಗಿರುವುದರ ಹಿನ್ನೆಲೆ ಇದೇ.

ಇನ್ನು ನಮ್ಮ ಚೌಕಗಳ ವಿಷಯ. ಕನ್ನಡ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ 1990ರ ದಶಕದಲ್ಲೇ ಸ್ಥಾನ ಸಿಕ್ಕಿತ್ತು. ಗಣಕದಲ್ಲಿ ಬರಹ, ನುಡಿಗಳಿಂದ ನಾವು ಬರೆಯಲು ಕಲಿತಿದ್ದೆವು. ಆದರೆ ಗೂಗಲ್ ಹೊರಡಿಸಿದ ಆಂಡ್ರಾಯ್ಡ್‌ನ ಆರಂಭದ ಆವೃತ್ತಿಗಳಲ್ಲಿ ಕನ್ನಡದ ಅಕ್ಷರರೂಪಗಳೇ ಇರಲಿಲ್ಲ. ಫಾಂಟನ್ನು ಹೇಗೋ ಹಾಕಿದರೂ ಕೆಲಸ ಮುಗಿಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಪದವಾಯಿತು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯಬೇಕು, ಗುಣಿತಾಕ್ಷರದಲ್ಲಿ ತಲೆಕಟ್ಟು ಹೋಗಬೇಕು, ಅರ್ಕಾವೊತ್ತು ಮುಂದೆ ಹುಟ್ಟಿ ಹಿಂದೆ ಹೋಗಿ ಕೂರಬೇಕು. ಈ ಜೋಡಣೆಯನ್ನು ಮಾಡುವ ಯಂತ್ರಭಾಗವೇ ಆಗಿನ ಆಂಡ್ರಾಯ್ಡ್‌ನಲ್ಲಿ ಕನ್ನಡದ ಮಟ್ಟಿಗೆ ಕೆಲಸ ಮಾಡುತ್ತಿರಲಿಲ್ಲ.

ಆಗಿನ ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳನ್ನೇ ನೋಡಿ. ಕೊಪ್ಪಳದಲ್ಲಿ ಪಕಾರದ ಒತ್ತಿದೆ, ಕುಷ್ಟಗಿಯಲ್ಲಿ ಷಕಾರಕ್ಕೆ ಟಕಾರದ ಒತ್ತಿದೆ, ಯಲಬುರ್ಗಾದಲ್ಲಿ ಅರ್ಕಾವೊತ್ತಿದೆ. ಗಂಗಾವತಿಯಲ್ಲಿ ಮಾತ್ರ ಒತ್ತಕ್ಷರವಿಲ್ಲ. ಫಾಂಟಷ್ಟೇ ಹಾಕಿದ ಫೋನಿನಲ್ಲಿ ಗಂಗಾವತಿಯನ್ನು ಕಷ್ಟಪಟ್ಟು ಓದಬಹುದಿತ್ತು. ಉಳಿದ ಮೂರು ಊರುಗಳು ಬಿಡಿಬಿಡಿಯಾಗಿ, ಸುಗ್ಗಿಯ ಕಣದಲ್ಲಿ ಚೆಲ್ಲಿದ ಕಾಳಿನಂತೆ ಬಿದ್ದಿರುತ್ತಿದ್ದವು. ಒಂದನೆಯ ತರಗತಿಯ ಮಗು ಹೀಗೆ ಬರೆದಿದ್ದರೆ ಸ್ಲೇಟು ಒರೆಸಿ ಮತ್ತೆ ಬರೆಯಿಸುತ್ತಿದ್ದೆ.

ಆಗ ಹುಡುಗರು ಒಂದು ಯುಕ್ತಿ ಕಂಡುಕೊಂಡಿದ್ದರು. ಒಪೆರಾ ಮಿನಿ ಎಂಬ ಜಾಲವೀಕ್ಷಕದ ವಿಳಾಸಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಬರೆದು, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆಗೆ ‘ಹೌದು’ ಎನ್ನಬೇಕು. ಕನ್ನಡದ ಸಾಲುಗಳನ್ನು ದೂರದ ಸರ್ವರ್‌ನಲ್ಲೇ ಚಿತ್ರವಾಗಿ ಜೋಡಿಸಿ ಕಳುಹಿಸುತ್ತಿದ್ದರು. ನಾನು ಫೋನಿನಲ್ಲಿ ಮೊದಲು ಕನ್ನಡ ಪತ್ರಿಕೆ ಓದಿದ್ದು ಹಾಗೆಯೇ. ಆದರೆ ಅದು ಆ ಒಂದು ಜಾಲವೀಕ್ಷಕಕ್ಕಷ್ಟೇ ಸೀಮಿತ. ಮಗ ಕನ್ನಡದಲ್ಲಿ ಕಳುಹಿಸಿದ ಸಂದೇಶ ತಾಯಿಯ ಫೋನಿನಲ್ಲಿ ಚೌಕಗಳಾಗಿಯೇ ಇಳಿಯುತ್ತಿತ್ತು. ಕೆಲವು ಕಂಪನಿಗಳು ತಮ್ಮ ಫೋನುಗಳಿಗೆ ತಾವೇ ಭಾರತೀಯ ಭಾಷೆಗಳ ತಿದ್ದುಪಡಿ ಹಾಕಿದ್ದೂ ಉಂಟು. ಅದು ಕೊಂಡವರ ಅದೃಷ್ಟ.

2012ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಕೊಟ್ಟಿತು. ಹಳೆಯ ಫೋನು ಕೊಂಡವರಿಗೆ ಇದರಿಂದೇನು ಲಾಭ? ಉದಾಹರಣೆಗೆ 2010ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್. ಅದಕ್ಕೆ ಕಂಪನಿ ಕೊಟ್ಟ ಕೊನೆಯ ಆವೃತ್ತಿ 2.3. ಮುಂದಿನದಕ್ಕೆ ಸ್ಮೃತಿಯಲ್ಲಿ ಜಾಗ ಸಾಲದೆಂದು 2011ರ ಡಿಸೆಂಬರ್‌ನಲ್ಲಿ ಕಂಪನಿ ಕೈಚೆಲ್ಲಿತು. ಆದರೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಅದೇ ಫೋನಿಗೆ 4.1ನ್ನು ಆಧರಿಸಿದ ಸಯನೋಜೆನ್‌ಮಾಡ್ 10ನ್ನು ಹೊಂದಿಸಿಕೊಟ್ಟರು. ಕಂಪನಿ ಆಗದೆಂದದ್ದು ಆಯಿತು. ಜೊತೆಗೆ ಕನ್ನಡವೂ ಬಂತು. ಆ ಸ್ವಯಂಸೇವಕರ ಮನಸ್ಸಿನಲ್ಲಿ ಕನ್ನಡ ಇತ್ತೋ ಇಲ್ಲವೋ, ಫಲವಂತೂ ನಮಗೆ ದಕ್ಕಿತು. ಫೋನಿನ ಪಟ್ಟಿಗಳು, ಸೂಚನೆಗಳು ಕನ್ನಡದಲ್ಲಿ ಬಂದದ್ದು ಇನ್ನೂ ಎರಡು ವರ್ಷದ ಮೇಲೆ, 2014ರ ಆಂಡ್ರಾಯ್ಡ್ 5.0ರಲ್ಲಿ.

ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲಿ ಅರ್ಜಿ ಬರೆಸಿ, ಮನೆಯಲ್ಲಷ್ಟೇ ಕನ್ನಡವಾಡಿದ ಹಿರಿಯರ ಮಕ್ಕಳು ನಾವು. ಉರ್ದುವಿನ ಮೇಲೆ ನನಗೆ ಮುನಿಸಿಲ್ಲ, ಅದು ಸೊಗಸಾದ ಭಾಷೆ. ಆದರೆ ತನ್ನ ಲಿಪಿಯನ್ನು ಕಾಣಲು ಇನ್ನೊಬ್ಬರ ಅಪ್ಪಣೆಗೆ ಕಾಯುವ ಪಾಡು ಎಂಥದೆಂದು 1948ರ ಹಿಂದಿನ ಕಥೆಗಳನ್ನು ಕೇಳಿ ಬೆಳೆದ ನಮಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಈಗ ಕೆಲಸದ ಅಪಾಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಬರೀ ವೀರಗಾಥೆ ಹೇಳಿದರೆ ಓದುಗರಿಗೆ ಅನ್ಯಾಯ ಮಾಡಿದಂತೆ. ಫೋನನ್ನು ಹೊತ್ತಿಸಿದಾಗ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಸಣ್ಣ ತಂತ್ರಾಂಶ. ಇದು ಕೋಟೆಯ ಹೆಬ್ಬಾಗಿಲಿನ ಕಾವಲುಗಾರ. ಕಂಪನಿಯ ಮುದ್ರೆ ಇಲ್ಲದ ವ್ಯವಸ್ಥೆಯನ್ನು ಒಳಗೆ ಬಿಡುವುದಿಲ್ಲ. ಬದಲಿ ತಂತ್ರಾಂಶ ಹಾಕಲು ಈ ಬೀಗವನ್ನು ತೆಗೆಯಬೇಕು. ತೆಗೆದ ಕ್ಷಣ ಫೋನಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕದ್ದವನು ಬೀಗ ತೆಗೆದು ಒಡೆಯನ ಪತ್ರಗಳನ್ನು ಓದದಿರಲೆಂದು. ಇದನ್ನು ತಿಳಿಯದೆ ಕಳೆದುಕೊಂಡವರು ಬಹಳ. ಕುಷ್ಟಗಿ ತಾಲ್ಲೂಕಿನ ನನ್ನ ಸಹೋದ್ಯೋಗಿಯೊಬ್ಬರ ಫೋನನ್ನು ಪರಿಚಯದ ಹುಡುಗನೊಬ್ಬ ‘ಐದ್ ನಿಮಿಷದಾಗ ಹೊಸಾದು ಮಾಡಿ ಕೊಡ್ತೇನ್ರಿ ಸರ’ ಎಂದು ಒಯ್ದ. ಫೋನು ನಿಜವಾಗಿಯೂ ಹೊಸದರಂತಾಗಿ ಬಂತು. ತೀರಿಹೋದ ತಾಯಿಯ ಕೊನೆಯ ವರ್ಷದ ಫೋಟೋಗಳು ಅದರಲ್ಲಷ್ಟೇ ಇದ್ದವು. ಹುಡುಗನನ್ನು ಅವರು ಬೈಯಲಿಲ್ಲ. ಬಹಳ ಹೊತ್ತು ಆ ಹೊಳೆಯುವ ಖಾಲಿ ಪರದೆಯ ಮೇಲೆ ಬೆರಳಾಡಿಸುತ್ತಿದ್ದರು.

ಆದ್ದರಿಂದ ಮೊದಲ ಕೆಲಸ ಫೋಟೋ, ಸಂಪರ್ಕ ಸಂಖ್ಯೆ, ಸಂದೇಶಗಳನ್ನು ಬೇರೊಂದು ಕಡೆ ನಕಲು ಮಾಡುವುದು, ಮತ್ತು ಆ ನಕಲು ತೆರೆದುಕೊಳ್ಳುತ್ತದೆಯೇ ಎಂದು ನೋಡುವುದು. ಎರಡನೆಯದು, ಮಾದರಿಯ ಹೆಸರನ್ನು ಅಕ್ಷರ ಬಿಡದೆ ಓದುವುದು. ಒಂದೇ ಹೆಸರಿನಲ್ಲಿ ಮಾರಾಟವಾಗುವ ಫೋನಿಗೆ ಒಳಗೆ ಎರಡು ಮೂರು ಬಗೆಯ ಸಂಸ್ಕಾರಕಗಳಿರುವುದು ಸಾಮಾನ್ಯ. ಅಣ್ಣನ ಔಷಧಿಯನ್ನು ತಮ್ಮನಿಗೆ ಕುಡಿಸಿದಂತೆ ಒಂದರ ತಂತ್ರಾಂಶವನ್ನು ಇನ್ನೊಂದಕ್ಕೆ ಹಾಕಿದರೆ ಫೋನು ಮತ್ತೆ ಏಳದಿರಬಹುದು. ಇಂಗ್ಲಿಷಿನವರು ಅದನ್ನು ‘ಇಟ್ಟಿಗೆ’ ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ‘ಡೆಡ್ ಆತ್ರಿ’ ಎನ್ನುತ್ತಾರೆ. ತಂತ್ರಾಂಶವನ್ನು ಅದನ್ನು ತಯಾರಿಸಿದವರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಮೊತ್ತದೊಡನೆ ತಾಳೆ ನೋಡಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಆ ಕಡತ ಕೆಟ್ಟದ್ದು, ಅಥವಾ ಯಾರೋ ತಿದ್ದಿದ್ದು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು. ಗಣಕವನ್ನು ಬಳಸುವುದಾದರೆ ವಿದ್ಯುತ್ತು ಹೋದರೂ ಆರದಂತಿರಬೇಕು; ನಮ್ಮ ಹಳ್ಳಿಗಳ ಕರೆಂಟಿನ ಗುಣ ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು. ಹೊಸ ವ್ಯವಸ್ಥೆ ಮೊದಲ ಸಲ ಏಳುವಾಗ ಹತ್ತು ನಿಮಿಷವೂ ಆಗಬಹುದು. ಆಗ ಗಾಬರಿಯಾಗಿ ಗುಂಡಿ ಒತ್ತಬಾರದು. ಎಲ್ಲ ಮುಗಿದ ಮೇಲೆ ಭದ್ರತೆಗೆಂದು ಬೂಟ್‌ಲೋಡರಿನ ಬೀಗವನ್ನು ಪುನಃ ಹಾಕಲು ಹೋಗಬಾರದು; ಕೆಲವೇ ಫೋನುಗಳನ್ನು ಬಿಟ್ಟರೆ, ಕಾವಲುಗಾರನು ಹೊಸ ವ್ಯವಸ್ಥೆಯನ್ನು ಕಳ್ಳನೆಂದು ತಿಳಿದು ಬಾಗಿಲು ಮುಚ್ಚಿಬಿಡುತ್ತಾನೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಐಎಂಇಐ ಸಂಖ್ಯೆಯದು. *#06# ಒತ್ತಿದರೆ ಕಾಣುವ ಹದಿನೈದು ಅಂಕಿಗಳ ಈ ಸಂಖ್ಯೆ ಫೋನಿನ ಗುರುತು. ಮೀಡಿಯಾಟೆಕ್ ಸಂಸ್ಕಾರಕದ ಅಗ್ಗದ ಫೋನುಗಳಲ್ಲಿ ತಂತ್ರಾಂಶ ಹೊಡೆಯುವಾಗ ‘ಎಲ್ಲವನ್ನೂ ಫಾರ್ಮ್ಯಾಟ್ ಮಾಡು’ ಎಂಬ ಆಯ್ಕೆಯನ್ನು ಒತ್ತಿದರೆ ಈ ಸಂಖ್ಯೆ ಇರುವ ಭಾಗವೂ ಅಳಿಸಿಹೋಗುತ್ತದೆ. ಆಮೇಲೆ ಫೋನು ಹೊತ್ತಿಕೊಳ್ಳುತ್ತದೆ, ಹಾಡು ಹಾಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಅಂತಹ ಫೋನಿಗೆ ಯಾವುದೋ ಒಂದು ಸಂಖ್ಯೆಯನ್ನು ತುಂಬಿಕೊಡುವ ಚಾಳಿ ಒಂದು ಕಾಲದಲ್ಲಿ ರಿಪೇರಿ ಅಂಗಡಿಗಳಲ್ಲಿತ್ತು. ಅದು ಅಪರಾಧ. ಕೇಂದ್ರ ಸರ್ಕಾರ 2017ರಲ್ಲಿ ಇದಕ್ಕೆಂದೇ ನಿಯಮ ಮಾಡಿತು. 2023ರ ದೂರಸಂಪರ್ಕ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ. ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಗಿರಾಕಿಯ ಎದುರಿಗೆ ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಶಾಲೆಯಲ್ಲಿ ಅವನ ಅಕ್ಷರ ಕೋಳಿಕಾಲಿನಂತಿತ್ತು. ಈ ನೋಟ್‌ಬುಕ್ಕು ಮಾತ್ರ ಅಚ್ಚುಕಟ್ಟಾಗಿದೆ.

ಸಯನೋಜೆನ್‌ಮಾಡ್‌ನ ಮುಂದಿನ ಕಥೆ ದೆಹಲಿಯ ನ್ಯಾಯಾಲಯವನ್ನು ಮುಟ್ಟಿತು. 2013ರಲ್ಲಿ ಸಯನೋಜೆನ್ ಒಂದು ಕಂಪನಿಯಾಯಿತು. 2014ರಲ್ಲಿ ಒನ್‌ಪ್ಲಸ್‌ನ ಮೊದಲ ಫೋನು ಆ ತಂತ್ರಾಂಶದೊಡನೆಯೇ ಬಂತು. ಆದರೆ ಭಾರತದ ಮಟ್ಟಿಗೆ ಸಯನೋಜೆನ್ ತನ್ನ ಹಕ್ಕನ್ನು ಮೈಕ್ರೋಮ್ಯಾಕ್ಸ್‌ಗೆ ಮಾತ್ರ ಕೊಟ್ಟಿತ್ತು. ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಯಿತು. 2014ರ ಡಿಸೆಂಬರ್‌ನಲ್ಲಿ ಒನ್‌ಪ್ಲಸ್ ಮಾರಾಟಕ್ಕೆ ತಡೆ ಬಿತ್ತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ತಡೆಯನ್ನು ಸಡಿಲಿಸಿತು. ಅದೇ ತಿಂಗಳು ಮೈಕ್ರೋಮ್ಯಾಕ್ಸ್ 8,999 ರೂಪಾಯಿಗೆ ಯು ಯುರೇಕಾ ಎಂಬ ಫೋನನ್ನು ಘೋಷಿಸಿತು. ಎಲ್ಲರ ಸೊತ್ತೆಂದು ಆರಂಭವಾದ ತಂತ್ರಾಂಶಕ್ಕಾಗಿ ಎರಡು ಕಂಪನಿಗಳು ಕೋರ್ಟಿನಲ್ಲಿ ಜಗ್ಗಾಡಿದ್ದನ್ನು ಓದಿ ನನಗೆ ಹೊಲದ ಬದುವಿನ ವ್ಯಾಜ್ಯಗಳು ನೆನಪಾದವು. 2016ರ ಡಿಸೆಂಬರ್‌ನಲ್ಲಿ ಸಯನೋಜೆನ್ ಕಂಪನಿ ತನ್ನ ಸೇವೆಗಳನ್ನು ನಿಲ್ಲಿಸಿತು. ಆಕರ ಸಂಕೇತ ತೆರೆದಿದ್ದುದರಿಂದ ಸ್ವಯಂಸೇವಕರು ಆ ವಾರವೇ ಅದನ್ನೆತ್ತಿಕೊಂಡು ಲಿನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಕಂಪನಿ ಸತ್ತರೂ ತಂತ್ರಾಂಶ ಉಳಿಯಿತು.

ಇನ್ನೊಂದು ಕಂಪನಿಯ ಕಥೆ ಇದಕ್ಕೆ ತಿರುವುಮುರುವು. ಶಿಯೋಮಿಯು 2010ರಲ್ಲಿ ಮೊದಲು ಹೊರತಂದದ್ದು ಫೋನನ್ನಲ್ಲ, ಇತರರ ಫೋನುಗಳಿಗೆ ಹಾಕಬಹುದಾದ ಎಂಐಯುಐ ಎಂಬ ಬದಲಿ ತಂತ್ರಾಂಶವನ್ನು. ಅದೇ ಕಂಪನಿ 2016ರಿಂದ ತನ್ನ ಫೋನುಗಳ ಬೂಟ್‌ಲೋಡರ್ ಬೀಗ ತೆಗೆಯಲು ಅನುಮತಿ ಕೇಳಿ ಕಾಯಬೇಕೆಂಬ ನಿಯಮ ತಂದಿತು. ಅಂಗಡಿಕಾರರು ಮಧ್ಯದಲ್ಲಿ ಕೀಟಲೆಯ ತಂತ್ರಾಂಶ ಹಾಕಿ ಮಾರುವುದನ್ನು ತಡೆಯಲೆಂಬ ಕಾರಣವಿದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತಿ ಬಂದ ಏಣಿಯನ್ನು ಎಳೆದುಕೊಂಡಂತೆ ಕಾಣುವುದೂ ಸುಳ್ಳಲ್ಲ.

2023ರ ಜನವರಿಯಲ್ಲಿ ಮದ್ರಾಸ್ ಐಐಟಿಯ ಆಶ್ರಯದ ಕಂಪನಿಯೊಂದು ಭಾರ್‌ಓಎಸ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದಾಗ ಪತ್ರಿಕೆಗಳು ಅದನ್ನು ಸಂಪೂರ್ಣ ಸ್ವದೇಶಿ ಎಂದು ಬಣ್ಣಿಸಿದವು. ಅದರ ತಳಹದಿಯೂ ಆಂಡ್ರಾಯ್ಡ್‌ನ ತೆರೆದ ಸಂಕೇತವೇ. ಅದರಲ್ಲಿ ನಾಚಿಕೆಯ ಮಾತೇನೂ ಇಲ್ಲ, ಹೇಳಿಬಿಡಬಹುದಿತ್ತು.

ಇಂದು ಹಳೆಯ ಕಾರಣ ಉಳಿದಿಲ್ಲ. ಎಷ್ಟು ಅಗ್ಗದ ಸ್ಮಾರ್ಟ್‌ಫೋನಾದರೂ ಕೊಪ್ಪಳವನ್ನು ಒತ್ತಕ್ಷರ ಸಹಿತ ತೋರಿಸುತ್ತದೆ. ಬದಲಾಗಿ ಹೊಸ ಅಡಚಣೆಯೊಂದು ಬಂದಿದೆ. 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಹಣಕಾಸೆಲ್ಲ ಫೋನಿಗೆ ಸೇರಿತು. ಬೀಗ ತೆಗೆದ ಫೋನನ್ನು ಗೂಗಲ್‌ನ ಪರಿಶೀಲನೆಯ ಮೂಲಕ ಗುರುತಿಸಿ, ಬ್ಯಾಂಕಿನ ಎಷ್ಟೋ ಆಪ್‌ಗಳು ತೆರೆದುಕೊಳ್ಳಲು ಒಪ್ಪುವುದಿಲ್ಲ. ಆ ಪರಿಶೀಲನೆಯನ್ನು ವಂಚಿಸುವ ಉಪಾಯಗಳನ್ನು ಹೇಳಿಕೊಡುವವರಿದ್ದಾರೆ. ಪಿಂಚಣಿ ಬರುವ ಖಾತೆಯ ಮೇಲೆ ಅಂತಹ ಪ್ರಯೋಗ ಮಾಡಬೇಡಿರೆಂದು ನಾನು ಗೆಳೆಯರಿಗೆ ಹೇಳುತ್ತೇನೆ. ನಿತ್ಯ ಬಳಕೆಯ, ಸಿಮ್ ಇರುವ, ಹಣ ಕಳಿಸುವ ಫೋನನ್ನು ಮುಟ್ಟುವುದು ಬೇಡ. ಕಂಪನಿಯು ಭದ್ರತೆಯ ತಿದ್ದುಪಡಿಗಳನ್ನು ನಿಲ್ಲಿಸಿದ, ಮೂಲೆ ಸೇರಿದ ಫೋನಿದ್ದರೆ, ಲಿನಿಯೇಜ್‌ನ ಪಟ್ಟಿಯಲ್ಲಿ ಅದರ ಹೆಸರಿದ್ದರೆ, ಮೇಲೆ ಹೇಳಿದಂತೆ ಒಂದು ಭಾನುವಾರ ಕುಳಿತು ಮಾಡಬಹುದು. ಗಂಗಾವತಿಯ ಆ ಹುಡುಗನ ಅಂಗಡಿಯಲ್ಲಿ ಈ ವರ್ಷ ಹಾಗೆ ಎಚ್ಚರಗೊಂಡ ಫೋನೊಂದು ಗಲ್ಲೆಯ ಪಕ್ಕದಲ್ಲಿದೆ. ಸಿಮ್ ಇಲ್ಲ. ದಿನವಿಡೀ ವೈಫೈಯಲ್ಲಿ ವಚನ ಗಾಯನ ಹಾಡುತ್ತಿರುತ್ತದೆ, ಪರದೆಯ ಮೇಲೆ ಹಾಡಿನ ಹೆಸರು ಕನ್ನಡದಲ್ಲಿ ಸರಿಯುತ್ತಿರುತ್ತದೆ.